ಕೈಯಲ್ಲಿ ಆ ಸಲಾಕೆ ಯಾಕೆ?

ಮಂಗಳವಾರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಠಾಣೆಯ ಫೋನು ಬಡಿದುಕೊಂಡಿತು. ಆ ಕಡೆಯಿಂದ ರೇಡಿಯೋ ಕೇಂದ್ರದ ಕಾವಲುಗಾರ ಮಾತಾಡಿದ. ನಾಟಕ ವಿಭಾಗದ ನಿರ್ಮಾಪಕರು ಸ್ಟುಡಿಯೋದೊಳಗೆ ತಲೆ ಒಡೆದು ಸತ್ತುಬಿದ್ದಿದ್ದಾರೆ, ಬೇಗ ಬನ್ನಿ ಎಂದ. ಫೋನು ಎತ್ತಿದ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಮೀಸೆ ಎಂದೇ ಹೆಸರು. ಮೀಸೆ ಇದು ಶುಕ್ರವಾರದ ಪತ್ತೇದಾರಿ ನಾಟಕದ ಪ್ರಚಾರವಿರಬೇಕೆಂದುಕೊಂಡು "ಎಷ್ಟು ಗಂಟೆಗೆ ಬರುತ್ತೆ?" ಎಂದು ಕೇಳಿಯೇಬಿಟ್ಟ. ಕಾವಲುಗಾರ ಅಳುವುದು ಕೇಳಿಸಿದ ಮೇಲೆ ಟೋಪಿ ಹುಡುಕತೊಡಗಿದ.

ಆ ನಾಟಕದ ಹೆಸರೆತ್ತಿದರೆ ಇನ್ಸ್‌ಪೆಕ್ಟರ್‌ಗೆ ಮೈಯೆಲ್ಲ ಉರಿಯುತ್ತಿತ್ತು. ವಾರಕ್ಕೊಬ್ಬ ನಿರಪರಾಧಿ ಅದರಲ್ಲಿ ಸಿಕ್ಕಿಬೀಳುತ್ತಿದ್ದ. ಅವನ ಹೆಂಡತಿ ಅಳುತ್ತಿದ್ದಳು, ಕೊನೆಯ ಐದು ನಿಮಿಷದಲ್ಲಿ ರೇಡಿಯೋ ಇನ್ಸ್‌ಪೆಕ್ಟರ್ ಬಂದು ನಿಜವಾದ ಕೊಲೆಗಾರನನ್ನು ಹಿಡಿದು ನಿರಪರಾಧಿಯನ್ನು ಬಿಡಿಸುತ್ತಿದ್ದ. ಊರಿನ ಜನ ಶುಕ್ರವಾರ ರಾತ್ರಿ ಆ ನಿರಪರಾಧಿಗಾಗಿ ಕಣ್ಣೊರೆಸಿಕೊಂಡು, ಶನಿವಾರ ಠಾಣೆಗೆ ಬಂದು, "ಅವರು ಅರ್ಧ ಗಂಟೆಯಲ್ಲಿ ಕೊಲೆಗಾರನ್ನ ಹಿಡೀತಾರೆ, ನಿಮ್ಮ ಕೈಲಿ ಒಬ್ಬ ಸೈಕಲ್ ಕಳ್ಳನ್ನ ಹಿಡಿಯೋಕಾಗಲ್ವಾ?" ಎಂದು ಕೇಳುತ್ತಿದ್ದರು. ಇನ್ಸ್‌ಪೆಕ್ಟರ್ ಸ್ವಭಾವತಃ ನಿಧಾನಸ್ಥ. ಕಾನ್‌ಸ್ಟೇಬಲ್‌ಗಳು ಬೆನ್ನ ಹಿಂದೆ ನಿಧಾನಪ್ಪ ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

ಮೂರೂವರೆಯ ಹೊತ್ತಿಗೆ ಜೀಪು ರೇಡಿಯೋ ಕೇಂದ್ರದ ಮುಂದಿತ್ತು. ನಾಟಕದ ಸ್ಟುಡಿಯೋ ಎರಡನೇ ಮಹಡಿಯಲ್ಲಿತ್ತು. ಗೋಡೆಗಳಿಗೆ ದಪ್ಪ ಬಟ್ಟೆಯ ಮೆತ್ತೆ, ನೆಲಕ್ಕೆ ಜಮಖಾನೆ. ಒಳಗೆ ಕೂಗಿಕೊಂಡರೂ ಹೊರಗೆ ಕೇಳಿಸದ ಕೋಣೆ ಅದು. ನಿರ್ಮಾಪಕರು ಮೇಜಿನ ಮೇಲೆ ಮುಖವಿಟ್ಟು ಬಿದ್ದಿದ್ದರು, ಓದುತ್ತಿದ್ದ ಹಾಳೆಗಳು ಕೈಕೆಳಗೇ ಇದ್ದವು. ಎರಡೂ ಐವತ್ತೈದಕ್ಕೆ ಕಾವಲುಗಾರ ನೀರಿಟ್ಟು ಹೋದಾಗ ಜೀವಂತವಾಗಿದ್ದರು, ಮೂರೂ ಹದಿನೈದಕ್ಕೆ ಲೋಟ ತೆಗೆಯಲು ಬಂದಾಗ ಸತ್ತಿದ್ದರು. ಮಹಜರು ನಡೆಯುತ್ತಿರುವಾಗಲೇ ಮೀಸೆ ಹೊರಗಿನ ಬೆಂಚಿನ ಮೇಲೆ ಒಬ್ಬ ಸಾಕ್ಷಿಯನ್ನು ಕೂರಿಸಿಕೊಂಡಿದ್ದ.

ಆ ಸಾಕ್ಷಿಯೇ ನಾಟಕದ ಬರಹಗಾರ. ಹನ್ನೊಂದು ವರ್ಷದಿಂದ ಆ ಪತ್ತೇದಾರಿ ನಾಟಕವನ್ನು ವಾರವಾರವೂ ಬರೆಯುತ್ತಿದ್ದವನು. ತಾನು ಮೂರು ಗಂಟೆಗೆ ಬಂದು ಪಕ್ಕದ ಕಂಟ್ರೋಲ್ ರೂಮಿನಲ್ಲಿ ಕೂತಿದ್ದೆ ಎಂದ. ನಡುವಿನ ಗಾಜಿಗೆ ಪರದೆ ಎಳೆದಿತ್ತಂತೆ. ಏನೂ ಕಾಣಲಿಲ್ಲ, ಆದರೆ ಸ್ಪೀಕರಿನಲ್ಲಿ ಸ್ಟುಡಿಯೋದ ಮಾತು ಕೇಳಿಸಿತಂತೆ. ನಿರ್ಮಾಪಕರು ಆಡಿದ್ದನ್ನು ಅವನು ಕಣ್ಣುಮುಚ್ಚಿ ಒಪ್ಪಿಸಿದ. ಮೀಸೆ ಮೂರೂ ಮುಕ್ಕಾಲಿಗೆ ಅದನ್ನು ಹಾಗೆಯೇ ಬರೆದುಕೊಂಡ.

"ಯಾರದು? ಓ, ಗುಡುಗಣ್ಣ, ನೀನಾ. ಕೈಯಲ್ಲಿ ಆ ಸಲಾಕೆ ಯಾಕೆ? ಬಾಗಿಲಿಗೆ ಅಗುಳಿ ಯಾಕೆ ಹಾಕ್ತಿದೀಯ? ಬೇಡ, ಹತ್ತಿರ ಬರಬೇಡ."

ಆಮೇಲೆ ಒಂದು ಏಟಿನ ಸದ್ದು, ಮತ್ತೆ ಏನೂ ಇಲ್ಲ. ಹೆದರಿ ಕಾಲು ಕಂಬವಾಯಿತು, ಎದ್ದು ಹೋಗಲಾಗಲಿಲ್ಲ ಎಂದು ಬರಹಗಾರ ಕರವಸ್ತ್ರ ಕಚ್ಚಿಕೊಂಡ.

ಗುಡುಗಣ್ಣ ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಅದೇ ನಾಟಕದಲ್ಲಿ ಮೊದಲಿನಿಂದಲೂ ಕೊಲೆಗಾರನ ದನಿ ಅವನದು. ಅವನು ನಕ್ಕರೆ ಮಕ್ಕಳು ಅಮ್ಮನ ಹಿಂದೆ ಅಡಗುತ್ತಿದ್ದವು. ಮೀಸೆ ಹೇಳಿಕೆಗೆ ಸಹಿ ಹಾಕಿಸುತ್ತಿರುವಾಗ ಆ ಗುಡುಗಣ್ಣ ತಾರಸಿಯ ಮೆಟ್ಟಿಲಿಳಿದು ಬಂದ. ತೆಳ್ಳನೆಯ, ತಲೆ ಬೋಳಾದ, ಐವತ್ತು ದಾಟಿದ ಮನುಷ್ಯ. ಐದು ಗಂಟೆಗೆ ಸದ್ದಿನ ಸಾಮಾನಿಡುವ ಪೆಟ್ಟಿಗೆಯ ಹಿಂದೆ ರಕ್ತ ಹತ್ತಿದ ಕಬ್ಬಿಣದ ಸಲಾಕೆ ಸಿಕ್ಕಿತು. ನಾಟಕದಲ್ಲಿ ಜೈಲಿನ ಬಾಗಿಲು ತೆರೆಯುವ ಸದ್ದಿಗೆ ಬಳಸುತ್ತಿದ್ದ ಸಲಾಕೆ. ಅದಕ್ಕೆ ಸುತ್ತಿದ್ದದ್ದು ಗುಡುಗಣ್ಣನ ಕೊರಳಿನ ಮಫ್ಲರ್. ಬೆರಳ ಗುರುತೆಲ್ಲ ಆ ಮಫ್ಲರಿನಲ್ಲೇ ಒರೆಸಿಹೋಗಿತ್ತು. ಆರು ಗಂಟೆಗೆ ಎಫ್‌ಐಆರ್ ದಾಖಲಾಯಿತು, ಏಳಕ್ಕೆ ಗುಡುಗಣ್ಣ ಲಾಕಪ್ಪಿನಲ್ಲಿದ್ದ.

ಬುಧವಾರದ ಪತ್ರಿಕೆಯಲ್ಲಿ ಸತ್ತವರ ಕೊನೆಯ ಮಾತು ದಪ್ಪ ಅಕ್ಷರದಲ್ಲಿ ಬಂತು. ಒಳಗಿದ್ದ ಹೇಳಿಕೆ ಪತ್ರಿಕೆಯವರಿಗೆ ಹೇಗೆ ಸಿಕ್ಕಿತೆಂದು ಕೇಳಿದಾಗ ಮೀಸೆ ಸೀಲಿಂಗ್ ಫ್ಯಾನಿನ ಕಡೆ ನೋಡಿದ. ಮಧ್ಯಾಹ್ನದೊಳಗೆ ಊರಿಗೆ ಊರೇ ಅದನ್ನು ಬಾಯಿಪಾಠ ಮಾಡಿಕೊಂಡಿತು. ಕ್ಷೌರದಂಗಡಿಯಲ್ಲಿ, ಬಸ್ಸಿನ ಸರದಿಯಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಅದೇ ಮಾತು. ರೇಡಿಯೋದ ನಿರಪರಾಧಿಗಳಿಗೆ ಕಣ್ಣೀರು ಹಾಕಿದ ಅದೇ ಜನ ಈಗ ಠಾಣೆಯ ಗೇಟಿನ ಹೊರಗೆ ನಿಂತು, ನಿಜವಾದ ಮನುಷ್ಯನನ್ನು ನೇಣಿಗೆ ಹಾಕಿ ಎಂದು ಕೂಗಿದರು. ಇನ್ಸ್‌ಪೆಕ್ಟರ್‌ಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನ್ಯಾಯಾಧೀಶರು ಐದು ದಿನ ಪೊಲೀಸ್ ಕಸ್ಟಡಿ ಕೊಟ್ಟಿದ್ದರು. ವಿಚಾರಣೆ ಶುರುವಾಯಿತು.

"ಮೂರು ಗಂಟೆಗೆ ಎಲ್ಲಿದ್ದೆ?"

"ತಾರಸಿ ಮೇಲೆ."

"ಏನ್ಮಾಡ್ತಿದ್ದೆ?"

"ನಗ್ತಾ ಇದ್ದೆ."

ಮೀಸೆ ಕೈ ಎತ್ತಿದ. ಇನ್ಸ್‌ಪೆಕ್ಟರ್ ಕಣ್ಣಲ್ಲೇ ತಡೆದ.

"ಶುಕ್ರವಾರದ ನಾಟಕದಲ್ಲಿ ಉದ್ದದ ನಗು ಇದೆ ಸಾರ್. ಮನೇಲಿ ಅಭ್ಯಾಸ ಮಾಡಿದ್ರೆ ಪಕ್ಕದ ಮನೆ ಮಗು ಹಾಲು ಕುಡಿಯಲ್ಲ. ಅದಕ್ಕೇ ತಾರಸಿಗೆ ಹೋಗ್ತೀನಿ. ಸೆಕೆ ಅಂತ ಮಫ್ಲರ್ ಸ್ಟುಡಿಯೋದಲ್ಲೇ ಬಿಟ್ಟಿದ್ದೆ."

"ಯಾರಾದ್ರೂ ನೋಡಿದಾರಾ?"

"ನೋಡ್ಲಿ ಅಂತ ಯಾರಾದ್ರೂ ತಾರಸಿಗೆ ಹೋಗಿ ನಗ್ತಾರಾ?"

"ಒಪ್ಕೊಂಡ್ರೆ ಶಿಕ್ಷೆ ಕಡಿಮೆ ಆಗುತ್ತೆ," ಎಂದ ಮೀಸೆ.

ಗುಡುಗಣ್ಣ ಮೊದಲ ಬಾರಿ ನೆಟ್ಟಗೆ ಕೂತ. "ಹನ್ನೊಂದು ವರ್ಷ ವಾರಕ್ಕೊಂದು ಕೊಲೆ ಒಪ್ಕೊಂಡಿದೀನಿ ಸ್ವಾಮಿ. ಅಷ್ಟೂ ಸುಳ್ಳೇ. ಇನ್ನೊಂದು ಸುಳ್ಳು ನನ್ನ ಬಾಯಲ್ಲಿ ಬರಲ್ಲ. ಹೊಡೀರಿ ಬೇಕಾದ್ರೆ. ಗಂಟಲಿಗೆ ಮಾತ್ರ ಹೊಡೀಬೇಡಿ, ಅದು ನನ್ನ ಸಂಬಳ."

ಸಂಜೆ ಅವನ ಹೆಂಡತಿ ಒಗೆದ ಅಂಗಿ ತಂದಳು. ಗೇಟಿನಲ್ಲಿ ಯಾರೋ "ಕೊಲೆಗಾರನ ಹೆಂಡ್ತಿ ಬಂದ್ಲು" ಎಂದರು. ಆಕೆ ಸೀದಾ ಹಾಗೆಂದವನ ಮುಂದೆ ಹೋಗಿ ನಿಂತಳು. "ಒಳಗಿರೋರು ನನ್ನ ಗಂಡ. ರೇಡಿಯೋದಲ್ಲಿರೋನು ನನಗೂ ಗುರುತಿಲ್ಲ. ಅವನನ್ನ ನೇಣಿಗೆ ಹಾಕ್ಬೇಕು ಅನ್ನೋ ಹಾಗಿದ್ರೆ ರೇಡಿಯೋ ತಗೊಂಡು ಹೋಗಿ ನೇತುಹಾಕು," ಎಂದಳು. ಆ ಮನುಷ್ಯ ದಾರಿ ಬಿಟ್ಟ.

ಆ ದಿನವೇ ದೊಡ್ಡ ಸಾಹೇಬರಿಂದ ಕರೆ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವರು.

"ಸಾಕ್ಷಿ ಇದೆ, ಸಲಾಕೆ ಇದೆ. ಇನ್ನೇನ್ರೀ ಬೇಕು ನಿಮಗೆ?"

"ಯಾಕೆ ಕೊಂದ ಅನ್ನೋದು ಗೊತ್ತಾಗಿಲ್ಲ ಸಾರ್."

"ಅವನು ವರ್ಷಗಟ್ಟಲೆಯಿಂದ ಕೊಲ್ತಾನೇ ಇದಾನಲ್ರೀ."

"ಅದು ನಾಟಕ ಸಾರ್."

"ಶನಿವಾರದೊಳಗೆ ವರದಿ ನನ್ನ ಮೇಜಿನ ಮೇಲಿರ್ಬೇಕು. ಇಲ್ಲಾಂದ್ರೆ ಕೇಸು ಬೇರೆಯವರಿಗೆ, ನೀವು ಬೇರೆ ಊರಿಗೆ."

"ವರ್ಗ ಮಾಡಿ ಸಾರ್. ನನಗೇ ನಂಬಿಕೆ ಬರದೆ ಸಹಿ ಹಾಕಲ್ಲ."

ಇನ್ಸ್‌ಪೆಕ್ಟರ್ ಫೋನು ಇಟ್ಟ. ಇಪ್ಪತ್ತು ವರ್ಷದ ನೌಕರಿಯಲ್ಲಿ ದೊಡ್ಡ ಸಾಹೇಬರಿಗೆ ಇಲ್ಲ ಎಂದದ್ದು ಇದೇ ಮೊದಲು. ಹೇಳಿದ್ದು ಮಾತ್ರ ಸರಿಯಾಗಿಯೇ ಇತ್ತು ಅನಿಸಿತು. ಆದರೆ ನಂಬಿಕೆ ಏಕೆ ಬರುತ್ತಿಲ್ಲ ಎಂಬುದು ಅವನಿಗೂ ಗೊತ್ತಿರಲಿಲ್ಲ. ಹೇಳಿಕೆ ನುಣ್ಣಗಿತ್ತು. ಓದಿದಷ್ಟೂ ಸಲ ಎಲ್ಲೋ ಏನೋ ಚುಚ್ಚುತ್ತಿತ್ತು, ಎಲ್ಲಿ ಎಂದು ಸಿಗುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಅದು ಅಡುಗೆಮನೆಯಲ್ಲಿ ಸಿಕ್ಕಿತು. ಅಲಮಾರಿಯ ಬಾಗಿಲು ಸಡಿಲವಾಗಿ ತಿಂಗಳಾಗಿತ್ತು. ತಲೆ ಕೆಟ್ಟುಹೋಗಿದ್ದ ಇನ್ಸ್‌ಪೆಕ್ಟರ್ ಆ ಕೆಲಸವನ್ನಾದರೂ ಮುಗಿಸೋಣವೆಂದು ಸುತ್ತಿಗೆ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ. ಹೆಂಡತಿ ತಲೆ ಎತ್ತಿ ನೋಡಿದಳು.

"ಅಲ್ಲೇ ನಿಂತ್ಕೊಳ್ಳಿ. ಈಗ್ತಾನೆ ಒರ್ಸಿದೀನಿ."

ಅವನು ನಿಂತ. ನಿಂತೇ ಇದ್ದ.

"ಏನ್ರೀ ಆಯ್ತು?"

"ನೀನು ಕೇಳ್ಲೇ ಇಲ್ಲ."

"ಏನನ್ನ?"

"ಕೈಯಲ್ಲಿ ಆ ಸುತ್ತಿಗೆ ಯಾಕೆ ಅಂತ."

"ಕಾಣ್ತಾ ಇರೋದನ್ನ ಏನು ಕೇಳೋದು? ತಿಂಗಳು ಬಡ್ಕೊಂಡ ಮೇಲೆ ಹಿಡ್ಕೊಂಡಿದೀರಿ. ಕೇಳಿದ್ರೆ ಅದನ್ನೂ ಇಟ್ಟು ಹೋಗ್ತೀರಿ."

ಅವನು ನಿಜವಾಗಿಯೂ ಅದನ್ನು ಅಲ್ಲೇ ಇಟ್ಟು ಹೋದ. ಹಿಂದಿನಿಂದ ಅವಳು ಹೇಳಿದ್ದು ಇಲ್ಲಿ ಬರೆಯುವಂಥದ್ದಲ್ಲ.

ಠಾಣೆಗೆ ಬಂದವನೇ ಜೀಪಿನ ಜಾಕಿಯ ಸಲಾಕೆಯನ್ನು ಮೀಸೆಯ ಕೈಗೆ ಕೊಟ್ಟ. ಇದನ್ನು ಹಿಡಿದು ಹೇಳದೆ ಕೇಳದೆ ಒಂದೊಂದು ಕೋಣೆಗೆ ನುಗ್ಗು, ಬಾಗಿಲು ಹಾಕು, ಒಳಗಿದ್ದವರು ಏನೆನ್ನುತ್ತಾರೋ ಬಂದು ಹೇಳು ಎಂದ. ಮೀಸೆಗೆ ಸಾಹೇಬರ ಬುದ್ಧಿಯ ಬಗ್ಗೆ ಅನುಮಾನ ಬಂದರೂ ಹೋದ. ಮಧ್ಯಾಹ್ನದ ಹೊತ್ತಿಗೆ ಬೆವರಿಳಿಸಿಕೊಂಡು ಬಂದ.

"ನಮ್ಮ ಠಾಣೆ ದಾಖಲೆ ಬರೆಯೋ ರೈಟರ್ ಏನಂದ?"

"'ಏಯ್' ಅಂದು ಕುರ್ಚಿ ಮೇಲೆ ಹತ್ತಿದ ಸಾರ್."

"ಕ್ಯಾಂಟೀನಿನೋನು?"

"'ಏನ್ ಸಾರ್, ಏನ್ ಸಾರ್' ಅಂದ. ಅಷ್ಟೇ."

"ಪಕ್ಕದ ಕಚೇರಿ ಗುಮಾಸ್ತ?"

"ಮಾತೇ ಆಡ್ಲಿಲ್ಲ. ಕಿಟಕಿ ಹತ್ರ ಓಡಿದ. ಆಮೇಲೆ ನನ್ನ ಅಪ್ಪನ್ನ ನೆನೆಸ್ಕೊಂಡ."

"ಯಾರಾದ್ರೂ 'ಓ ಮೀಸೆ, ನೀನಾ, ಕೈಯಲ್ಲಿ ಆ ಸಲಾಕೆ ಯಾಕೆ, ಬಾಗಿಲು ಯಾಕೆ ಹಾಕ್ತಿದೀಯ' ಅಂದ್ರಾ?"

ಮೀಸೆ ಸಲಾಕೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. "ಇಲ್ಲ ಸಾರ್. ಕಣ್ಣಿಗೆ ಕಾಣ್ತಿತ್ತಲ್ಲ."

"ಹೂಂ. ಕಾಣೋರಿಗೆ ಯಾರೂ ಹೇಳಲ್ಲ. ಕಾಣದೇ ಇರೋರು ಕೇಳ್ತಾ ಕೂತಿದ್ರೆ ಮಾತ್ರ ಹಾಗೆ ಹೇಳ್ಬೇಕು."

ಶುಕ್ರವಾರ ಬೆಳಿಗ್ಗೆ ಇಬ್ಬರೂ ರೇಡಿಯೋ ಕೇಂದ್ರಕ್ಕೆ ಹೋದರು. ಕಂಟ್ರೋಲ್ ರೂಮಿನ ಎಂಜಿನಿಯರ್ ಹಳೆಯ ನಾಟಕಗಳ ಟೇಪುಗಳನ್ನು ಹಾಕಿ ಕೇಳಿಸಿದ. ಮೊದಲನೆಯದರಲ್ಲಿ ಒಬ್ಬ ವಕೀಲ ಸಾಯುವ ಮುಂಚೆ, "ಓ, ನೀನಾ. ಕೈಯಲ್ಲಿ ಆ ಹಗ್ಗ ಯಾಕೆ? ಕಿಟಕಿ ಯಾಕೆ ಮುಚ್ತಿದೀಯ?" ಎಂದ. ಎರಡನೆಯದರಲ್ಲಿ ಒಬ್ಬ ಚಿಕ್ಕಮ್ಮ, "ಆ ಲೋಟದಲ್ಲಿ ಏನು ಬೆರೆಸ್ತಿದೀಯ? ದೀಪ ಯಾಕೆ ಆರಿಸ್ದೆ?" ಎಂದಳು. ಮೂರನೆಯದನ್ನು ಹಾಕುವುದು ಬೇಡವೆಂದು ಇನ್ಸ್‌ಪೆಕ್ಟರ್ ಕೈಯಾಡಿಸಿದ. ಕೇಳುಗನಿಗೆ ಕಣ್ಣಿಲ್ಲ, ಪಾತ್ರಗಳೇ ಅವನ ಕಣ್ಣಾಗಬೇಕು. ವರ್ಷಗಟ್ಟಲೆ ಹಾಗೆ ಬರೆದ ಕೈ, ಪೊಲೀಸರ ಮುಂದೆಯೂ ಹಾಗೆಯೇ ಬರೆದಿತ್ತು.

"ಇದೆಲ್ಲ ಕೋರ್ಟಲ್ಲಿ ನಿಲ್ಲಲ್ಲ ಸಾರ್," ಎಂದ ಮೀಸೆ ಮೆಲ್ಲಗೆ. ಇನ್ಸ್‌ಪೆಕ್ಟರ್‌ಗೂ ಗೊತ್ತಿತ್ತು. ಅವನು ಎಂಜಿನಿಯರ್ ಕಡೆ ತಿರುಗಿದ.

"ಮಂಗಳವಾರ ಮೂರು ಗಂಟೆಗೆ ಈ ಸ್ಪೀಕರ್ ಮಾತಾಡ್ತಿತ್ತಾ?"

"ಹೇಗೆ ಮಾತಾಡುತ್ತೆ ಸಾರ್? ನಾನು ಊಟಕ್ಕೆ ಹೋಗಿದ್ದೆ. ಬಂದಿದ್ದು ಮೂರೂ ಇಪ್ಪತ್ತಕ್ಕೆ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

ಎಂಜಿನಿಯರ್ ಜೇಬಿನಿಂದ, ಆ ಸ್ಟುಡಿಯೋದ ಮೈಕಿಗೂ ಸ್ಪೀಕರಿಗೂ ಕರೆಂಟು ಕೊಡುವ ಪಿಂಗಾಣಿಯ ಫ್ಯೂಸನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಹಿಂದೊಮ್ಮೆ ಅವನು ಊಟಕ್ಕೆ ಹೋದಾಗ ಯಾರೋ ಗುಂಡಿ ಒತ್ತಿ, ಸ್ಟುಡಿಯೋದಲ್ಲಿ ಮಲಗಿದ್ದ ಹಾರ್ಮೋನಿಯಂ ವಾದಕನ ಗೊರಕೆ ಊರಿಗೆಲ್ಲ ಪ್ರಸಾರವಾಗಿತ್ತಂತೆ. ಅಂದಿನಿಂದ ಕೋಣೆ ಬಿಡುವಾಗ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ಹೋಗುವುದು ಅವನ ಅಭ್ಯಾಸ. ಬರಹಗಾರ ಬರುತ್ತಿದ್ದದ್ದು ನಾಟಕ ನಡೆಯುವಾಗ ಮಾತ್ರ. ಅವನು ಬಂದಾಗಲೆಲ್ಲ ಆ ಸ್ಪೀಕರ್ ಮಾತಾಡುತ್ತಲೇ ಇರುತ್ತಿತ್ತು.

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?"

"ಎಲ್ಲಿದ್ದೆ ಅಂತ ಕೇಳಿದ್ರು. ಊಟಕ್ಕೆ ಹೋಗಿದ್ದೆ ಅಂದೆ. ಬರ್ಕೊಂಡು ಎದ್ದು ಹೋದ್ರು. ಪೊಲೀಸರಿಗೆ ಕೇಳಿದ್ದಕ್ಕಿಂತ ಜಾಸ್ತಿ ಹೇಳ್ಬಾರ್ದು ಅಂತ ನಮ್ಮಪ್ಪ ಹೇಳಿದ್ದ ಸಾರ್."

ಕೇಳಿದವನು ಮೀಸೆ. ಅವನು ಮತ್ತೆ ಫ್ಯಾನಿನ ಕಡೆ ನೋಡಿದ.

ತಾರಸಿಗೆ ಎದುರಾಗಿ, ಗಲ್ಲಿಯ ಆಚೆ, ಒಬ್ಬ ದರ್ಜಿಯ ಕೋಣೆಯ ಕಿಟಕಿ ಇತ್ತು. ಬುಧವಾರವೇ ಮೀಸೆ ಅಲ್ಲಿಗೆ ಹೋಗಿ, ಏನೂ ಕೇಳಿಸಲಿಲ್ಲವಂತೆ ಎಂದು ವರದಿ ಕೊಟ್ಟಿದ್ದ. ಇನ್ಸ್‌ಪೆಕ್ಟರ್ ಈ ಸಲ ತಾನೇ ಮೆಟ್ಟಿಲು ಹತ್ತಿದ. ದರ್ಜಿ ಹೊಲಿಗೆ ಯಂತ್ರ ತುಳಿಯುತ್ತಲೇ ಉತ್ತರ ಕೊಟ್ಟ.

"ಏನೂ ಕೇಳಿಸ್ಲಿಲ್ಲ ಸಾರ್. ಎದುರುಗಡೆ ರೇಡಿಯೋ ಜೋರಾಗಿ ಹಾಕಿದ್ರು, ಅದೊಂದೇ."

"ರೇಡಿಯೋದಲ್ಲಿ ಏನು ಬರ್ತಿತ್ತು?"

"ಆ ಪಾಪಿ ಗುಡುಗಣ್ಣ ಮೂರಕ್ಕೆ ಹತ್ತು ನಿಮಿಷ ಇರುವಾಗ್ಲಿಂದ ನಗ್ತಿದ್ದ. ಮೂರು ಗಂಟೆ ವಾರ್ತೆ ಕೇಳೋಣ ಅಂತ ನನ್ನ ರೇಡಿಯೋ ಹಾಕಿದ್ರೆ, ಕಾಲು ಗಂಟೆ ವಾರ್ತೆ ಮುಗಿಯೋವರೆಗೂ ಅವನದೇ ನಗು. ಒಂದು ವಾರ್ತೆ ನೆಟ್ಟಗೆ ಕೇಳಿಸ್ಲಿಲ್ಲ."

"ನಾಟಕ ಯಾವ ದಿನ ಬರುತ್ತೆ?"

"ಶುಕ್ರವಾರ ರಾತ್ರಿ."

"ಈ ನಗು ಕೇಳಿಸಿದ್ದು ಯಾವ ದಿನ?"

ಯಂತ್ರದ ಸದ್ದು ನಿಂತಿತು. ದರ್ಜಿ ಮೊದಲು ತನ್ನ ರೇಡಿಯೋ ನೋಡಿದ, ಆಮೇಲೆ ಕಿಟಕಿಯಾಚೆಯ ಖಾಲಿ ತಾರಸಿ ನೋಡಿದ. "ಅಯ್ಯೋ, ನಾನೂ ಗೇಟಿನ ಹತ್ರ ನಿಂತು ಕೂಗಿದ್ನಲ್ಲ ಸಾರ್," ಎಂದ. ಅವನ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ಅಲ್ಲೇ ಕತ್ತರಿ ಹಾಕಿದ ಬಟ್ಟೆಗಳ ನಡುವೆ ಕೂತು ಬರೆದುಕೊಂಡ. ಮೀಸೆಯ ಮೇಲೆ ಕೂಗಾಡಬೇಕೆಂದು ಮೆಟ್ಟಿಲಿಳಿದವನು, ಅವನ ಮುಖ ನೋಡಿ ಜೀಪು ಹತ್ತಿದ.

ಠಾಣೆಗೆ ಹಿಂತಿರುಗಿದ ಇನ್ಸ್‌ಪೆಕ್ಟರ್, ಬರಹಗಾರನಿಗೆ ಕೊಲ್ಲುವ ಕಾರಣವೇನಿತ್ತೆಂದು ಹುಡುಕುತ್ತ ಗುಡುಗಣ್ಣನನ್ನು ಕೇಳಿದ. "ಮಂಗಳವಾರ ಬೆಳಿಗ್ಗೆ ನಿರ್ಮಾಪಕರು ನಿನಗೇನಾದ್ರೂ ಹೇಳಿದ್ರಾ?"

"ಮುಂದಿನ ತಿಂಗಳಿಂದ ನಾಟಕ ನೀನೇ ಬರಿ ಅಂದ್ರು. ಒಂದು ಬರೆದು ಕೊಟ್ಟಿದ್ದೆ. ಬರಹಗಾರರಿಗೆ ನಾನೇ ಹೇಳ್ತೀನಿ, ಅಲ್ಲೀವರೆಗೂ ಬಾಯಿ ಬಿಡಬೇಡ ಅಂದಿದ್ರು. ಅದಕ್ಕೇ ಸುಮ್ಮನಿದ್ದೆ."

"ನೇಣಿನ ಮಾತು ಬಂದಾಗಲೂ?"

"ಸತ್ತವರಿಗೆ ಕೊಟ್ಟ ಮಾತು ಸಾರ್. ಅವರು ಬಂದು ಬಿಡಿಸೋ ಹಾಗಿಲ್ಲವಲ್ಲ."

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಬರಹಗಾರನನ್ನು ಕಂಟ್ರೋಲ್ ರೂಮಿಗೆ ಕರೆಸಲಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಾಕ್ಷಿಯ ಗತ್ತಿನಲ್ಲೇ ಬಂದ.

"ಅವತ್ತು ಎಲ್ಲಿ ಕೂತಿದ್ರಿ?"

"ಇಲ್ಲೇ."

"ಮಾತು ಬಂದಿದ್ದು ಈ ಸ್ಪೀಕರಿಂದಾನಾ?"

"ಹೌದು. ಸ್ಪಷ್ಟವಾಗಿ ಕೇಳಿಸ್ತು."

ಎಂಜಿನಿಯರ್ ಮಂಗಳವಾರದಂತೆಯೇ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಬಾಗಿಲಾಚೆ ಹೋದ. ಒಳಗೆ ಸ್ಟುಡಿಯೋದಲ್ಲಿ ಮೀಸೆ ಗಂಟಲು ಹರಿಯುವಂತೆ ಕಿರುಚಿದ. ಕಂಟ್ರೋಲ್ ರೂಮಿನಲ್ಲಿ ಸೊಳ್ಳೆಯ ಸದ್ದೂ ಕೇಳಿಸಲಿಲ್ಲ. ಇನ್ಸ್‌ಪೆಕ್ಟರ್ ಪರದೆ ಸರಿಸಿದ. ಗಾಜಿನ ಆಚೆ ಮೀಸೆಯ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ಸಲಾಕೆ ನಮಗೆ ಸಿಕ್ಕಿದ್ದು ಐದು ಗಂಟೆಗೆ. ನೀವು ಸಲಾಕೆ ಅಂದಿದ್ದು ಮೂರೂ ಮುಕ್ಕಾಲಿಗೆ. ಕೇಳಿಸಿಕೊಂಡಿದ್ದಲ್ಲ. ಹಾಗಾದ್ರೆ ಯಾರು ಹೇಳಿದ್ರು ನಿಮಗೆ?"

ಬರಹಗಾರ ಕೈಚಾಚಿ ಪರದೆಯನ್ನು ಮತ್ತೆ ಎಳೆದ.

"ಅವರು ನಿಜವಾಗಿ ಏನಂದ್ರು?" ಎಂದು ಇನ್ಸ್‌ಪೆಕ್ಟರ್ ಮೆತ್ತಗೆ ಕೇಳಿದ.

"'ಒಂದು ನಿಮಿಷ' ಅಂದ್ರು. ತಲೆ ಎತ್ತಲೇ ಇಲ್ಲ. ಗುಡುಗಣ್ಣ ಬರೆದಿದ್ದನ್ನ ಓದ್ತಾ ಇದ್ರು. ನಗ್ತಾ ಓದ್ತಾ ಇದ್ರು. ನಂದನ್ನ ಒಂದು ದಿನವೂ ಹಾಗೆ ಓದಿರಲಿಲ್ಲ."

ಹತ್ತೂ ನಲವತ್ತಕ್ಕೆ ದಸ್ತಗಿರಿ ಆಯಿತು. ಇನ್ಸ್‌ಪೆಕ್ಟರ್ ಮೂರು ಹೇಳಿಕೆಗಳನ್ನು ಹಿಡಿದು ನ್ಯಾಯಾಧೀಶರ ಮುಂದೆ ನಿಂತು ಗುಡುಗಣ್ಣನ ಬಿಡುಗಡೆಯ ಆದೇಶ ತಂದ. ದೊಡ್ಡ ಸಾಹೇಬರು ಫೋನಿನಲ್ಲಿ, ಹೊರಗೆ ಗುಂಪಿದೆ, ಅವನನ್ನು ಹಿಂದಿನ ಗೇಟಿನಿಂದ ಕಳಿಸಿಬಿಡಿ ಎಂದರು. ಗುಡುಗಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ತಲೆಯಾಡಿಸಿದ.

"ಕಳ್ಳ ಹೋಗೋ ದಾರೀಲಿ ನಾನು ಹೋಗಲ್ಲ ಸಾರ್. ಕೂಗಿದೋರು ಎದುರಿಗೇ ನೋಡ್ಲಿ."

ಅವನೂ ಹೆಂಡತಿಯೂ ಮುಂದಿನ ಗೇಟಿನಿಂದಲೇ ಹೊರಬಿದ್ದರು. ಇನ್ಸ್‌ಪೆಕ್ಟರ್ ಮೆಟ್ಟಿಲವರೆಗೆ ಹೋಗಿ ನಿಂತ. ಬರುವುದಿದ್ದರೆ ವರ್ಗಾವಣೆಯ ಆದೇಶ ಬರಲಿ ಎನಿಸಿತು. ಗುಂಪು ಇಬ್ಭಾಗವಾಗಿ ದಾರಿ ಬಿಟ್ಟಿತು. ಯಾರೋ ಒಬ್ಬ ಕ್ಷಮಿಸಿ ಎಂದ. ಗುಡುಗಣ್ಣ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಹಾಗೆ ನೋಡದೆ ಹೋಗುವ ಹಕ್ಕು ಅವನಿಗಿತ್ತು.

ಸಂಜೆ ಬರಹಗಾರನ ವಿಚಾರಣೆ ಮುಂದುವರಿಯಿತು. ಗುಡುಗಣ್ಣ ಮೈಕಿನ ಮುಂದೆ ನಿಂತಾಗಲೆಲ್ಲ ನಾನು ಬರೆದ ಮಾತನ್ನು ಬಿಟ್ಟು ಅವನದೇ ಮಾತು ಸೇರಿಸುತ್ತಿದ್ದ ಎಂದ. ಮರುದಿನ ಬೀದಿಯಲ್ಲಿ, ಅಂಗಡಿಯಲ್ಲಿ ಜನ ನೆನೆಸಿಕೊಂಡು ಹೇಳುತ್ತಿದ್ದದ್ದು ಆ ಸೇರಿಸಿದ ಮಾತುಗಳನ್ನೇ. ಹನ್ನೊಂದು ವರ್ಷದಲ್ಲಿ ತಾನು ಬರೆದ ಒಂದೇ ಒಂದು ವಾಕ್ಯ ಯಾರ ಬಾಯಲ್ಲೂ ಕೇಳಿಸಲಿಲ್ಲ ಎಂದ. ಮಂಗಳವಾರ ತಾನು ಕೊಲ್ಲಲೆಂದು ಹೋಗಿರಲಿಲ್ಲ. ನಾಟಕ ಇನ್ನು ನಿಮ್ಮದಲ್ಲ ಎಂದು ನಿರ್ಮಾಪಕರು ಮಧ್ಯಾಹ್ನ ಫೋನಿನಲ್ಲಿ ಹೇಳಿದ್ದರು, ಕಾರಣ ಕೇಳಲೆಂದು ಹೋಗಿದ್ದೆ, ಸಲಾಕೆ ಅಲ್ಲೇ ಇತ್ತು ಎಂದ.

ಮೀಸೆ ಬರೆಯುವುದನ್ನು ಮುಗಿಸಿ, ಸಹಿಗಾಗಿ ಹಾಳೆಯನ್ನು ಅವನ ಕಡೆ ತಿರುಗಿಸಿದ. ಬರಹಗಾರ ಪೆನ್ನು ತೆಗೆದುಕೊಂಡ.

"ಬುಧವಾರ ಕ್ಷೌರಕ್ಕೆ ಹೋಗಿದ್ದೆ ಸಾರ್," ಎಂದ ಇನ್ಸ್‌ಪೆಕ್ಟರ್ ಕಡೆ ನೋಡಿ. "ಅಲ್ಲಿದ್ದೋರೆಲ್ಲ ಆ ಸಲಾಕೆ ಮಾತನ್ನೇ ಹೇಳ್ತಿದ್ರು. ಬಸ್ಸಲ್ಲೂ ಅದೇ. ಯಾರೂ ಒಂದಕ್ಷರ ಬದಲಾಯಿಸ್ಲಿಲ್ಲ. ನಾನು ಕೇಳ್ತಾ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ."